ಜ್ಯೋತಿಲಕ್ಷ್ಮಿ ತನ್ನ ಮನೆ ಹೆಸರು ವಾಪಸು ಕೇಳಿದ್ದು

ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಗೆ ಸೊಸೆಯಾಗಿ ಬಂದಾಗ ಜ್ಯೋತಿಲಕ್ಷ್ಮಿಗೆ ಲಾಳಿ ಹಿಡಿಯುವುದೂ ಗೊತ್ತಿರಲಿಲ್ಲ. ಅವಳ ಅಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತ. ಜಾತಿ ನಮ್ಮದೇ, ಮನೆಯೊಳಗಿನ ಮಾತೂ ತೆಲುಗೇ, ಆದರೆ ತಾತನ ಕಾಲಕ್ಕೇ ಮಗ್ಗ ಬಿಟ್ಟವರು. ಹುಡುಗಿ ಬಿ.ಕಾಂ. ಓದಿದ್ದಳು. ಅವಳ ಪೆಟ್ಟಿಗೆ ಬಿಚ್ಚಿದಾಗ ಸೀರೆಗಳಿಂದ ಕಡಲೆಕಾಯಿ ಹಿಂಡಿಯ ವಾಸನೆ ಬಂತೆಂದು ಬೀದಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಎದುರು ಮನೆಯ ನಾಗರತ್ನ ನಗಲಿಲ್ಲ. "ರಾಮ್ಮಾ, ಕೂಚೋ" ಎಂದು ತೆಲುಗಿನಲ್ಲಿ ಕರೆದು, ರಾಟೆಯ ಮುಂದೆ ತನ್ನ ಪಕ್ಕ ಕೂರಿಸಿಕೊಂಡು, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದನ್ನು ಹೇಳಿಕೊಟ್ಟಳು. ಎಳೆ ಕಡಿದಾಗಲೆಲ್ಲ ಜ್ಯೋತಿ ಹೆದರಿ ಅವಳ ಮುಖ ನೋಡುವಳು.

"ಕಡೀಲಿ ಬಿಡೇ. ಕಡಿದಿದ್ದು ಕೂಡಿಸೋಕೇ ತಿಪ್ಪಮ್ಮಜ್ಜಿ ಇರೋದು" ಎನ್ನುವಳು ನಾಗರತ್ನ.

ತಿಪ್ಪಮ್ಮಜ್ಜಿ ಎಂದರೆ ನಾನು. ನಮ್ಮ ಬೀದಿಯ ಮಗ್ಗಗಳಿಗೆಲ್ಲ ಕೆಚ್ಚುವವಳು. ಮಗ್ಗಕ್ಕೆ ಉದ್ದಕ್ಕೆ ಹಾಯಿಸಿದ ಎಳೆಗಳಿಗೆ ಹಾಸು ಎನ್ನುತ್ತೇವೆ, ಒಂದೊಂದರಲ್ಲಿ ಹಲವು ಸೀರೆ; ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ, ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಎಳೆ ಸಾವಿರಾರು. ಬೆಳಿಗ್ಗೆ ಮಗ್ಗದ ಹಿಂದೆ ಕೂತರೆ ಏಳುವುದು ಸಂಜೆಗೇ. ಅಷ್ಟು ಹೊತ್ತು ಕೂತವಳು ಅಲ್ಲಿದ್ದಾಳೆಂಬುದೇ ಮನೆಯವರಿಗೆ ಮರೆತುಹೋಗುತ್ತದೆ. ಜ್ಯೋತಿಯ ಸಂಗತಿ ನನಗೆ ತಿಳಿದದ್ದು ಹೀಗೆ, ಅವರ ಮನೆ ಮಗ್ಗದ ಹಿಂದೆಯೂ ಎದುರು ಮನೆ ಮಗ್ಗದ ಹಿಂದೆಯೂ ಕೂತು.

ಇನ್ನೊಂದೂ ಕೆಚ್ಚುವವಳಿಗೇ ಮೊದಲು ತಿಳಿಯುವುದು. ಮಗ್ಗಕ್ಕೆ ಬಂದ ಹಾಸು ಮನೆಯವರದೋ ಸಾಹುಕಾರರದೋ ಎಂಬುದು. ಸಾಹುಕಾರರು ರೇಷ್ಮೆ ಕೊಟ್ಟು ಕೂಲಿಗೆ ನೇಯಿಸಿದರೆ ಸೀರೆ ಅವರ ಅಂಗಡಿಯ ಹೆಸರಿನಲ್ಲಿ ಹೋಗುತ್ತದೆ. ಅವರು ಹೇಳಿದ ಅಂಚು, ಅವರು ಹೇಳಿದ ಬಣ್ಣ. ಜ್ಯೋತಿಯ ಮಾವ ಚಿತ್ತಯ್ಯ ಅರ್ಧ ಆಯುಸ್ಸು ಹಾಗೇ ನೇಯ್ದವನು. ಅವನ ಕೈಯಲ್ಲಿ ಒಂದು ವಿಶೇಷವಿತ್ತು. ಸೀರೆಯ ಒಡಲಲ್ಲಿ ಹೆಬ್ಬೆರಳಿನಷ್ಟು ಜಿಂಕೆ ಮೂಡಿಸುತ್ತಿದ್ದ. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದು ತಿರುಗಿ ನೋಡುತ್ತಿರುತ್ತದೆ, ಒಂದು ಜಿಗಿಯುತ್ತಿರುತ್ತದೆ. ಅದಕ್ಕೆ ಹೊತ್ತು ಹಿಡಿಯುತ್ತದೆಂದು ಸಾಹುಕಾರರು ಒಪ್ಪುತ್ತಿರಲಿಲ್ಲ. "ಜಿಂಕೆ ಕಾಡಲ್ಲಿರಲಿ ಚಿತ್ತಯ್ಯ, ಸೀರೇಲಿ ಬೇಡ" ಎನ್ನುತ್ತಿದ್ದರು. ಅವನು ನಕ್ಕು, ಅವರು ಹೇಳಿದ್ದನ್ನೇ ನೇಯುತ್ತಿದ್ದ. ನಗು ಮಾತ್ರ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಆ ಜಿಂಕೆಯನ್ನು ಸಾಹುಕಾರರ ಕೈಯಿಂದ ಬಿಡಿಸಿ ಮಾವನ ಹೆಸರಿನಲ್ಲೇ ಮಾರಬೇಕೆಂದು ಹಟ ಹಿಡಿದವಳು ಜ್ಯೋತಿ. ಕೊರೋನಾ ಕಳೆದ ಮೇಲೆ ಅವಳೂ ಗಂಡ ರವಿತೇಜನೂ ಇದ್ದಬದ್ದದ್ದು ಕೂಡಿಸಿ ರೇಷ್ಮೆ ತಂದರು. ಅವಳು ಲ್ಯಾಪ್‌ಟಾಪ್ ಮುಂದೆ ಕೂತು ಮಾವನ ಹೆಸರಿನಲ್ಲಿ ಒಂದು ವೆಬ್‌ಸೈಟ್ ಮಾಡಿದಳು. ಅದರಲ್ಲಿ ಜಿಂಕೆ ಸೀರೆಗಳ ಫೋಟೋ, ಮಗ್ಗದ ಮೇಲೆ ಕೂತ ಚಿತ್ತಯ್ಯನ ಫೋಟೋ. ಚಿತ್ತಯ್ಯನಿಗೆ ಅದು ಹಬ್ಬ. ಸೊಸೆ ಇಂಗ್ಲಿಷಿನಲ್ಲಿ ಬರೆದುಕೊಟ್ಟ ವೆಬ್‌ಸೈಟ್ ಅಡ್ರೆಸ್ಸನ್ನು ನೋಡಿಕೊಂಡು ಪ್ರತಿ ಸೀರೆಯ ಒಳತುದಿಯಲ್ಲೂ ಜರಿಯಲ್ಲಿ ನೇಯ್ದುಬಿಟ್ಟ. ಅವನಿಗೆ ಒಂದಕ್ಷರ ಇಂಗ್ಲಿಷ್ ಬಾರದು.

"ಇದೇನಮ್ಮ, ಮಧ್ಯದಾಗೆ ಒಂದು ಚುಕ್ಕಿ?"

"ಅದು ಇರಲೇಬೇಕು ಮಾವ. ಇಲ್ದಿದ್ರೆ ಮನೆ ಸಿಗಲ್ಲ."

"ಇಷ್ಟು ಸಣ್ಣ ಚುಕ್ಕೀಗೆ ಇಷ್ಟು ದೊಡ್ಡ ಸೆಡವಾ!" ಎಂದು ಚುಕ್ಕಿಯನ್ನೂ ನೇಯ್ದ.

ಸೀರೆ ಎಲ್ಲೇ ಹೋಗಲಿ, ಅಡ್ರೆಸ್ಸು ಅದರ ಜೊತೆಗೇ ಹೋಗುತ್ತದೆಂದು ಅವನ ಎಣಿಕೆ. ಬೇರೆ ಊರಿನವರು ಚೀಟಿ ಅಂಟಿಸುತ್ತಾರೆ, ನಮ್ಮವನು ನೇಯ್ದ. ನೇಯ್ದದ್ದನ್ನು ಬದಲಾಯಿಸಲಾಗದು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಮೊದಮೊದಲು ವೆಬ್‌ಸೈಟನ್ನು ಯಾರೂ ನೋಡಲಿಲ್ಲ. ಒಂದು ದಿನ ನಾನು ಕೆಚ್ಚುತ್ತ ಕೂತಿದ್ದಾಗ ಜ್ಯೋತಿ ಓಡಿಬಂದಳು.

"ಅಜ್ಜಿ, ಮೈಸೂರಲ್ಲಿ ಒಬ್ರು ಮೇಡಂ ನಮ್ಮ ಜಿಂಕೆ ಬಗ್ಗೆ ತಮ್ಮ ಪುಟದಾಗೆ ಬರ್ದು ನಮ್ಮ ಪುಟಕ್ಕೆ ಲಿಂಕ್ ಹಾಕ್ಯಾರೆ! ಸರ್ಚಲ್ಲಿ ನಾವು ಮೇಲೆ ಬಂದ್ವಿ!"

"ಅವರು ಬರೆದ್ರೆ ನೀವ್ಯಾಕೆ ಮೇಲೆ ಬರ್ತೀರೇ?"

ಅವಳು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಬಸ್ ಸ್ಟ್ಯಾಂಡಲ್ಲಿ ಇಳಿದೋರು ರೇಷ್ಮೆ ಸೀರೆ ಎಲ್ಲಿ ಸಿಗುತ್ತೆ ಅಂತ ಕೇಳ್ತಾರೆ ಅಂದ್ಕೋರಿ. ಆಟೋದವನು ನಾಗರತ್ನಕ್ಕನ ಮನೆ ಅಂತಾನೆ. ಟೀ ಅಂಗಡಿಯವನೂ ಅದೇ ಅಂತಾನೆ. ಹೈಸ್ಕೂಲ್ ಮೇಷ್ಟ್ರೂ ಅದೇ ಅಂತಾರೆ. ಬಂದೋರು ಎಲ್ಲಿಗೆ ಹೋಗ್ತಾರೆ?"

"ನಾಗರತ್ನನ ಮನೆಗೆ."

"ಆಟೋದವನ ಮಾತು ಹೆಚ್ಚೋ ಮೇಷ್ಟ್ರ ಮಾತು ಹೆಚ್ಚೋ?"

"ಮೇಷ್ಟ್ರದ್ದು. ಆಟೋದವನಿಗೆ ಯಾರೋ ಟೀ ಕುಡಿಸಿರ್ತಾರೆ."

"ಅಷ್ಟೇ ಅಜ್ಜಿ. ಲಿಂಕ್ ಅಂದ್ರೆ ಒಂದು ಪುಟದವರು ಇನ್ನೊಂದು ಪುಟಾನ ತೋರ್ಸಿ, ಅಲ್ಲಿಗೆ ಹೋಗಿ ಅನ್ನೋದು. ಯಾರನ್ನ ಹೆಚ್ಚು ಜನ ತೋರಿಸ್ತಾರೆ, ತೋರಿಸೋರು ಎಂಥೋರು ಅಂತ ಸರ್ಚ್‌ನೋರು ನೋಡ್ತಾರೆ. ಅದನ್ನ ನೋಡಿ ಮುಂದೆ ಹಿಂದೆ ನಿಲ್ಲಿಸ್ತಾರೆ."

ಇದು ನನಗೆ ಹೊಸದೆನಿಸಲಿಲ್ಲ. ನಮ್ಮ ಬೀದಿ ನಡೆಯುವುದೇ ಹಾಗೆ. ಕೊಳ್ಳಲು ಬಂದವರು ಕೇಳಿದ ಸೀರೆ ತಮ್ಮ ಮನೆಯಲ್ಲಿ ಇಲ್ಲದಿದ್ದರೆ, ಯಾರ ಮನೆಯಲ್ಲಿದೆಯೋ ಆ ಮನೆಯ ಹೆಸರು ಹೇಳಿ ಕಳಿಸಬೇಕು. ಬರಿಗೈಯಲ್ಲಿ ಬೀದಿ ದಾಟಿಸಬಾರದು. ಜಗಳವಾಗಿ ಮಾತು ಬಿಟ್ಟವರೂ ಮನೆಯ ಹೆಸರನ್ನು ಮಾತ್ರ ಹೇಳುತ್ತಾರೆ. ಹೆಸರು ಹೇಳುವುದನ್ನೂ ಬಿಟ್ಟರೆ ಆ ಮನೆ ಬೀದಿಗೆ ಸೇರಿದ್ದಲ್ಲ ಎಂದರ್ಥ. ನಾನು ಕಂಡಂತೆ ಒಂದೇ ಮನೆಗೆ ಹಾಗಾಗಿತ್ತು, ಅವರು ಪವರ್‌ಲೂಮ್ ಸೀರೆಯನ್ನು ಕೈಮಗ್ಗದ್ದೆಂದು ಮಾರಿದ್ದಕ್ಕೆ. ಹೆಚ್ಚು ದಿನ ಅವರು ಊರಲ್ಲಿ ನಿಲ್ಲಲಿಲ್ಲ.

ಚಿತ್ತಯ್ಯನ ಮನೆಗೆ ಕೊರಿಯರ್‌ನವನು ದಿನಾ ಬರತೊಡಗಿದ ಮೇಲೆ ಬೀದಿಯವರೆಲ್ಲ "ನಮಗೂ ಒಂದು ಮಾಡಿಕೊಡೇ" ಎಂದರು. ಜ್ಯೋತಿ ಮನೆಮನೆಗೆ ಹೋಗಿ ಅವರವರ ಫೋನಿನಲ್ಲೇ ಒಂದೊಂದು ಪುಟ ಮಾಡಿಕೊಟ್ಟಳು. ಪ್ರತಿ ಪುಟದ ಕೆಳಗೂ ಬೀದಿಯ ಎಲ್ಲ ಮನೆಗಳ ಹೆಸರು. ಹೆಸರು ಒತ್ತಿದರೆ ಆ ಮನೆಯ ಪುಟಕ್ಕೆ ಹೋಗುತ್ತದೆ. ಹಾಗೆ ಹಾಕಲೇಬೇಕಿತ್ತು. ಒಂದು ಮನೆ ಬಿಟ್ಟಿದ್ದರೂ ಅವತ್ತೇ ರಂಪವಾಗುತ್ತಿತ್ತು.

ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ದೊಡ್ಡ ಊರಿನ ಅಂಗಡಿಯೊಂದು ಮಿಷನ್ ಸೀರೆಗೆ ಮೊಳಕಾಲ್ಮೂರಿನ ಹೆಸರಿಟ್ಟು ಮಾರುತ್ತ ಸರ್ಚಿನಲ್ಲಿ ಮೇಲೆ ಬಂತು. ಅದರ ಹಿಂದೆ ಇನ್ನೆರಡು ಬಂದವು. ಜ್ಯೋತಿಯ ವೆಬ್‌ಸೈಟ್ ಸರ್ಚಿನ ಎರಡನೇ ಪುಟಕ್ಕೆ ಸರಿಯಿತು.

"ಎರಡನೇ ಪುಟ ಅಂದ್ರೆ ಊರಾಚೆ ಮನೆ ಇದ್ದಂಗೆ ಅಜ್ಜಿ. ದಾರಿ ತಪ್ಪಿದೋರು ಬರಬೇಕು, ಅಷ್ಟೇ" ಎಂದಳು. ಕೊರಿಯರ್‌ನವನು ಬರುವುದು ಅಪರೂಪವಾಯಿತು. ಅದೇ ಹೊತ್ತಿಗೆ ಸಾಹುಕಾರರ ಕಡೆಯವನು ಬೀದಿಯಲ್ಲಿ ಹೋಗುತ್ತ ಅವರ ಬಾಗಿಲಲ್ಲಿ ನಿಂತು, "ಏನ್ ಚಿತ್ತಯ್ಯ, ಜಿಂಕೆ ಮೇಯ್ತಾ ಇದಾವಾ?" ಎಂದು ಕೇಳಿ ಹೋದ.

ಜ್ಯೋತಿ ಚಳ್ಳಕೆರೆಗೆ ಹೋಗಿ ವೀರೇಶನನ್ನು ಕಂಡಳು. ನನ್ನಿವಾಳ ಎಂಬ ಹಳ್ಳಿಯ ರೈತರ ಮನೆಯ ಹುಡುಗ, ಕಾಲೇಜಿನಲ್ಲಿ ಅವಳ ಜೊತೆಗೆ ಓದಿದವನು. ಬಸ್ ಸ್ಟ್ಯಾಂಡಿನ ಹತ್ತಿರ ಮಾಳಿಗೆಯ ಮೇಲೆ ಎರಡು ಕಂಪ್ಯೂಟರ್ ಇಟ್ಟುಕೊಂಡು, ವೆಬ್‌ಸೈಟ್‌ಗಳನ್ನು ಸರ್ಚಿನಲ್ಲಿ ಮೇಲೆ ತರುವ ಕೆಲಸ ಮಾಡುತ್ತಿದ್ದ. ಕೆಟ್ಟವನಲ್ಲ. ಅವಸರದವನು. ಬೇರೆ ಬೇರೆ ಪುಟಗಳಲ್ಲಿ ದುಡ್ಡು ಕೊಟ್ಟು ಲಿಂಕ್ ಹಾಕಿಸುತ್ತೇನೆಂದ. ಬೀದಿಯವರ ಪುಟಗಳನ್ನು ನೋಡಿ ನಕ್ಕನಂತೆ.

"ಏನ್ ಜ್ಯೋತಿ ಇದು, ಊಟದ ಪಂಕ್ತಿ ಇದ್ದಂಗೆ ಎಲ್ಲರ ಹೆಸ್ರೂ ಹಾಕೀರಿ! ನಾಗರತ್ನ ಅಂತ ಹೊಡೆದು ಯಾರು ಸೀರೆ ಹುಡುಕ್ತಾರೆ? ಎಲ್ಲರ ಪುಟದಾಗೂ 'ಅಸಲಿ ಮೊಳಕಾಲ್ಮೂರು ರೇಷ್ಮೆ ಸೀರೆ' ಅಂತ ಒಂದೇ ಸಾಲು ಬರೆಸು. ಒತ್ತಿದ್ರೆ ನಿನ್ನ ಪುಟಕ್ಕೇ ಬರಬೇಕು. ನೋಡ್ತಿರು."

ಇದನ್ನು ಬೀದಿಯವರಿಗೆ ಹೇಳುವುದು ಹೇಗೆಂದು ಅವಳಿಗೆ ದಿಗಿಲು. ಮೊದಲು ನಾಗರತ್ನಳ ಹತ್ತಿರ ಹೋದಳು. ಆ ದಿನ ನಾನು ಅಲ್ಲೇ ಕೆಚ್ಚುತ್ತಿದ್ದೆ.

"ಎಲ್ಲಾರ ಹೆಸ್ರು ತೆಗೆದು ನಿಂದೊಂದೇ ಹಾಕಬೇಕಾ?" ನಾಗರತ್ನ ರಾಟೆ ನಿಲ್ಲಿಸಿದಳು.

"ಹೂಂ ಅಕ್ಕ. ನಾವು ಮೇಲೆ ಬಂದ್ರೆ ನಮ್ಮ ಪುಟದಿಂದ ನಿಮ್ಮನೆಗೆಲ್ಲ ಕಳಿಸ್ತೀನಿ."

"ಹಾಕ್ಕೋ ಹೋಗು. ಬೀದೀದು ಒಂದು ಮನೆ ಮೇಲೆ ಬಂದ್ರೆ ನಾವೇನು ಹಳ್ಳಕ್ಕೆ ಬೀಳ್ತೀವಾ? ನಾನು ಹಾಕಿಸಿದ್ರೆ ಉಳಿದೋರೂ ಹಾಕಿಸ್ತಾರೆ. ನಾನೇ ಹೇಳ್ತೀನಿ." ತನ್ನ ಫೋನನ್ನು ಜ್ಯೋತಿಯ ಮಡಿಲಿಗೆ ಎಸೆದು, "ಮೇಲೆ ಹೋದ್ಮೇಲೆ ನಮ್ಮ ಗುರ್ತು ಸಿಗದಂಗೆ ಮಾಡಬ್ಯಾಡ ಮತ್ತೆ" ಎಂದು ನಕ್ಕಳು. ಬೀದಿಯೆಲ್ಲ ಹಾಕಿಸಿತು.

ವೆಬ್‌ಸೈಟ್ ಏರಿತು. ದೊಡ್ಡ ಅಂಗಡಿಯನ್ನೂ ದಾಟಿತು. ಚಿತ್ತಯ್ಯನದು, ರವಿತೇಜನದು, ಎರಡು ಮಗ್ಗಕ್ಕೂ ಸ್ವಂತ ಹಾಸು ಬಂತು. ಅವೆರಡನ್ನೂ ನಾನೇ ಕೆಚ್ಚಿದ್ದು. ಚಿತ್ತಯ್ಯ ಜಿಂಕೆಯ ಪಕ್ಕ ಒಂದು ಮರಿಯನ್ನೂ ನೇಯಲು ಶುರುಮಾಡಿದ್ದ.

ಆ ಹಾಸು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಸರ್ಚ್‌ನವರಿಂದ ಸಂದೇಶ ಬಂತು. ಈ ವೆಬ್‌ಸೈಟಿಗೆ ಇರುವ ಲಿಂಕುಗಳು ತಾವಾಗಿ ಹುಟ್ಟಿದವಲ್ಲ, ಮೇಲೆ ಬರಲೆಂದೇ ಕಟ್ಟಿಸಿದವು ಎಂದಿತ್ತು. ಅಂದಿನಿಂದ ಹುಡುಕಿದರೆ ವೆಬ್‌ಸೈಟ್ ಎರಡನೇ ಪುಟದಲ್ಲೂ ಇಲ್ಲ, ಹತ್ತನೆಯದರಲ್ಲೂ ಇಲ್ಲ. ಊರಾಚೆಯ ಮನೆಯೂ ಹೋಯಿತು.

ಜ್ಯೋತಿ ಮತ್ತೆ ಚಳ್ಳಕೆರೆಗೆ ಹೊರಟಳು. ನನಗೂ ಅಲ್ಲಿ ಕಣ್ಣು ತೋರಿಸುವುದಿತ್ತು, ಒಂದೇ ಬಸ್ಸಿನಲ್ಲಿ ಹೋದೆವು. ಕಿಟಕಿಯಿಂದ ಹೊರಗೆ ನೋಡುತ್ತಿದ್ದವಳು ಒಮ್ಮೆ ಮಾತ್ರ, "ಬೇರೆ ಹೆಸರಲ್ಲಿ ಹೊಸದು ಮಾಡೋಣ ಅಂದ್ರೆ ಸೀರೇಲೆಲ್ಲ ಇದೇ ನೇಯ್ದೈತೆ. ಮಾರಿದ ಸೀರೆನೆಲ್ಲ ವಾಪಸು ಕೇಳೋಕಾಗುತ್ತಾ?" ಎಂದಳು. ನನ್ನನ್ನು ಕೇಳಿದ್ದಲ್ಲ ಅದು.

ವೀರೇಶನ ಮಾಳಿಗೆ ಹತ್ತಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅವನು ಎದ್ದು ಕುರ್ಚಿ ಕೊಟ್ಟ. ಹುಡುಗನ ಮುಖ ಬಾಡಿತ್ತು.

"ನೀನು ಹಾಕಿಸಿದ್ದೆಲ್ಲ ತೆಗೆಸು ವೀರೇಶ" ಎಂದಳು ಜ್ಯೋತಿ.

"ನನ್ನ ಕೈಯಾಗಿಲ್ಲ ಜ್ಯೋತಿ. ನಾನು ಒಬ್ಬನಿಗೆ ಕೊಟ್ಟೆ, ಅವನು ಇನ್ಯಾರಿಗೋ ಕೊಟ್ಟ. ಯಾವ ದೇಶದಾಗೆ ಕೂತು ಹಾಕ್ಯಾರೋ."

"ಎಲ್ಲೆಲ್ಲಿ ಹಾಕ್ಯಾರೆ ಅಂತ ನೋಡಿದ್ಯಾ? ಜೂಜಿನ ಪುಟ, ಕೂದ್ಲು ಬೆಳಿಯೋ ಎಣ್ಣೆ ಪುಟ, ಇನ್ನೂ ಏನೇನೋ. ನಮ್ಮ ಮಾವನ ಹೆಸ್ರು ಅಂಥವರ ಬಾಯಾಗೆ ಹಾಕೀಯಲ್ಲೋ. ತೆಗೀರಿ ಅಂತ ಅವರಿಗೆಲ್ಲ ಬರ್ದೆ. ಉತ್ತರ ಕೊಟ್ಟೋನೊಬ್ಬ, ತೆಗೆಯೋಕೂ ದುಡ್ಡು ಕೊಡು ಅಂತಾನೆ."

ವೀರೇಶ ನೆಲ ನೋಡಿದ. "ಒಂದು ದಾರಿ ಐತೆ. ತೆಗೆಸೋಕೆ ಆಗದೇ ಇರೋ ಪುಟಗಳ ಹೆಸ್ರನ್ನ ಬರ್ದು ಸರ್ಚ್‌ನೋರಿಗೆ ಕಳ್ಸು. ಇವರು ನಮ್ಮ ಹೆಸ್ರು ಹೇಳೋದನ್ನ ಲೆಕ್ಕಕ್ಕೆ ಹಿಡೀಬ್ಯಾಡ್ರಿ ಅಂತ. ಆಮೇಲೆ ಇನ್ನೊಂದ್ಸಲ ನೋಡ್ರಿ ಅಂತ ಕೇಳ್ಕೊ."

ಅವಳು ಹಾಗೇ ಮಾಡಿದಳು. ಜೂಜಿನವರು, ಎಣ್ಣೆಯವರು, ಗುರುತಿಲ್ಲದವರು, ಎಲ್ಲರನ್ನೂ ಬರೆದು ಕಳಿಸಿದಳು. ಬೀದಿಯ ಮನೆಗಳನ್ನು ಬರೆಯಲಿಲ್ಲ. ಕಾದಳು. ಉತ್ತರ ಬಂತು. ಇನ್ನೂ ಅಂಥ ಲಿಂಕುಗಳಿವೆ, ಉದಾಹರಣೆಗೆ ಇದನ್ನು ನೋಡಿ ಎಂದು ಒಂದು ಪುಟ ತೋರಿಸಿದ್ದರು. ಅದು ನಾಗರತ್ನಳ ಪುಟ.

ನಾನು ಆ ದಿನ ಚಿತ್ತಯ್ಯನ ಮನೆಯಲ್ಲೇ ಇದ್ದೆ. ರವಿತೇಜನ ಮಗ್ಗದಲ್ಲಿ ಒಂದಿಷ್ಟು ಎಳೆ ಕಡಿದಿದ್ದವು, ಕೂಡಿಸುತ್ತಿದ್ದೆ.

"ಇವನ್ನೂ ಬರ್ದಾಕು" ಎಂದ ರವಿತೇಜ. "ನಾಗರತ್ನಕ್ಕಂದು, ಎಲ್ಲಾರದ್ದೂ. ಯಾರಿಗೆ ಗೊತ್ತಾಗುತ್ತೆ?"

"ಏನಂತ ಬರೀಲಿ? ಜೂಜಿನೋರ ಕೆಳಗೆ ನಾಗರತ್ನಕ್ಕನ ಹೆಸ್ರು ಬರ್ದು, ಇವರು ನಮ್ಮನ್ನ ತೋರ್ಸಿದ್ದು ಲೆಕ್ಕಕ್ಕಿಲ್ಲ ಅನ್ಲಾ?"

"ಕಾಗದದಾಗೆ ಕಣೇ. ನೀನೇನು ಬಾಗಿಲಲ್ಲಿ ನಿಂತು ಬೈತೀಯಾ?"

"ಮೊದ್ಲು ತೆಗೆಸೋಕೆ ನೋಡ್ರಿ, ಆಗದಿದ್ರೆ ಬರೀರಿ ಅಂತಾರೆ ಅವರು. ಕೇಳಿದ್ರೆ ತೆಗೆಯೋ ಜನ ಎದುರು ಮನೇಲಿ ಕೂತವ್ರೆ. ಕೇಳದೇ ಬರೆಯೋದು ಹೆಂಗೆ?"

"ಕೇಳಿದ್ರೆ ಬೀದಿ ಬಾಯಿ ಮುಚ್ಚುತ್ತೆ. ಬರೆದ್ರೆ ಯಾರಿಗೂ ತಿಳಿಯಲ್ಲ. ಎರಡರಾಗೆ ಯಾವುದು ವಾಸಿ?"

"ತಿಪ್ಪಮ್ಮಜ್ಜಿಗೆ ಆಗಲೇ ತಿಳೀತಲ್ಲ" ಎಂದಳು ಜ್ಯೋತಿ, ಮಗ್ಗದ ಹಿಂದಕ್ಕೆ ಬೆರಳು ಮಾಡಿ. ರವಿತೇಜ ಬೆಚ್ಚಿ ತಿರುಗಿದ. ನಾನಿದ್ದೇನೆಂಬುದು ಅವನಿಗೆ ಮರೆತೇ ಹೋಗಿತ್ತು. ನಾನು ಎಳೆಯಿಂದ ಕಣ್ಣು ತೆಗೆಯಲಿಲ್ಲ.

ಚಿತ್ತಯ್ಯ ತನ್ನ ಮಗ್ಗದಿಂದ ಏಳದೆ ಕೇಳಿದ. "ಹೆಸ್ರು ಕೇಳಿ ಹಾಕಿಸ್ಕೊಂಡ್ಯೋ, ಕೇಳದೇ ಹಾಕ್ಕೊಂಡ್ಯೋ ತಾಯಿ?"

"ಕೇಳಿ ಹಾಕಿಸ್ಕೊಂಡೆ ಮಾವ."

ಚಿತ್ತಯ್ಯನ ಲಾಳಿ ಮತ್ತೆ ಸದ್ದು ಮಾಡತೊಡಗಿತು. ಜ್ಯೋತಿ ಎದ್ದು ಮುಖ ತೊಳೆದುಕೊಂಡಳು.

ಮಾರನೆಯ ದಿನ ನಾನು ನಾಗರತ್ನಳ ಮನೆಯಲ್ಲಿ ಹೊಸ ಹಾಸು ಕೆಚ್ಚುತ್ತ ಕೂತಿದ್ದಾಗ ಜ್ಯೋತಿ ಬಂದಳು. ಮಾಮೂಲಿನಂತೆ ರಾಟೆಯ ಪಕ್ಕ ಕೂರಲಿಲ್ಲ, ನಿಂತೇ ಇದ್ದಳು. ಸರ್ಚ್‌ನವರ ಉತ್ತರ, ವೀರೇಶನ ತಪ್ಪು, ತನ್ನ ತಪ್ಪು, ಎಲ್ಲ ಹೇಳಿದಳು. ನಾಗರತ್ನ ಕಂಡಿಕೆ ಸುತ್ತುತ್ತಲೇ ಕೇಳಿದಳು.

"ಈಗ ನಾನೇನು ಮಾಡಬೇಕು, ಅದನ್ನ ಹೇಳು."

"ನಿಮ್ಮ ಪುಟದಿಂದ ನಮ್ಮ ಪುಟಕ್ಕೆ ಇರೋ ಲಿಂಕ್ ತೆಗೀಬೇಕು ಅಕ್ಕ."

"ಅಂದ್ರೆ ನಿಮ್ಮ ಮನೇನ ನಾನು ತೋರಿಸಬಾರದು."

"ಹಂಗಲ್ಲ ಅಕ್ಕ. ಬರೀ ಹೆಸ್ರು ಇದ್ರೆ ಇರ್ಲಿ. ಒತ್ತಿದ್ರೆ ನಮ್ಮ ಪುಟಕ್ಕೆ ಹೋಗಬಾರದು, ಅಷ್ಟೇ."

"ಹೆಸ್ರು ಹೇಳಬೇಕು, ದಾರಿ ಹೇಳಬಾರದು. ಅದ್ಯಾತರ ಹೇಳೋದೇ?" ರಾಟೆ ನಿಂತಿತು. "ನಾನು ತೋರ್ಸಿದ್ರೆ ನಿಂಗೆ ಕೇಡು ಅಂತ ಬರ್ದವರಾ ಅವರು? ನಾನಾ? ಅಷ್ಟು ಮನೆಗಳಾಗೆ ನನ್ನ ಹೆಸ್ರೇ ಎತ್ತಿ ಬರ್ದವರಾ?"

"ಉದಾಹರಣೆಗೆ ಒಂದು ತೋರಿಸ್ಯಾರೆ ಅಕ್ಕ. ಅವರಿಗೇನು ಗೊತ್ತು ನೀವ್ಯಾರು ಅಂತ?"

"ಅವರಿಗೆ ಗೊತ್ತಿಲ್ಲ ಸರಿ. ನಿನಗೆ ಗೊತ್ತಿತ್ತಲ್ಲ."

"ಬಾಯಲ್ಲಿ ಹೇಳೋದು ಹೇಳಿ ಅಕ್ಕ. ಫೋನಲ್ಲಿ ಮಾತ್ರ ಬೇಡ. ಬಾಗಿಲಿಗೆ ಬಂದೋರನ್ನ ಕಳಿಸೋದು ಬಿಡಬ್ಯಾಡ್ರಿ."

"ಬಾಯಿ ಬೇರೆ, ಫೋನ್ ಬೇರೆನಾ? ಎರಡರಾಗೂ ಇರೋಳು ನಾನೊಬ್ಬಳೇ ಅಲ್ವೇನೇ?"

ನಾಗರತ್ನ ಫೋನ್ ತೆಗೆದು ಚಾಚಿದಳು. ಈ ಸಲ ಎಸೆಯಲಿಲ್ಲ. ಹೊರಗಿನವರಿಗೆ ಕೊಡುವಂತೆ ಕೈಗೆ ಕೊಟ್ಟಳು.

"ತಗೋ. ನೀನೇ ಹಾಕಿದ್ದೆ, ನೀನೇ ತೆಗಿ."

ಜ್ಯೋತಿ ತೆಗೆದಳು. ನಾಗರತ್ನ ತೆಗೆಸಿದಳೆಂದು ತಿಳಿದ ಮೇಲೆ ಉಳಿದವರು ಎದುರು ಮಾತಾಡಲಿಲ್ಲ. ಒಂದೊಂದೇ ಬಾಗಿಲಲ್ಲಿ ಫೋನು ಚಾಚಿದರು. ಕೂರು ಎಂದು ಯಾರೂ ಅನ್ನಲಿಲ್ಲ.

ಜ್ಯೋತಿ ಮತ್ತೆ ಬರೆದು ಕೇಳಿಕೊಂಡ ಸ್ವಲ್ಪ ದಿನಕ್ಕೆ ಸರ್ಚ್‌ನವರು ಶಿಕ್ಷೆ ತೆಗೆದರು. ಜ್ಯೋತಿ ಸಕ್ಕರೆ ಹಂಚಲಿಲ್ಲ. ವೆಬ್‌ಸೈಟ್ ಮತ್ತೆ ಕಾಣುತ್ತಿತ್ತು, ಆದರೆ ಏರಿದ್ದ ಜಾಗಕ್ಕಲ್ಲ. ಕಟ್ಟಿಸಿದ ಲಿಂಕುಗಳ ಬಲದಿಂದ ಏರಿದ್ದು ಅವು ಹೋದ ಮೇಲೆ ಹೇಗೆ ನಿಲ್ಲುತ್ತದೆ? ಮೈಸೂರಿನ ಮೇಡಂ ಹಾಕಿದ್ದೊಂದು ಉಳಿದಿತ್ತು. ಅದರ ಆಸರೆಯಲ್ಲಿ ಎರಡನೇ ಪುಟದ ಮೂಲೆಯಲ್ಲಿ ಕೂತಿತ್ತು.

ಬೀದಿಯಲ್ಲಿ ಬೇರೆಯದೇ ಶುರುವಾಯಿತು. ನಾನು ಓಬಯ್ಯನೆಂಬ ನೇಕಾರನ ಮನೆಯಲ್ಲಿ ಕೆಚ್ಚುತ್ತಿದ್ದಾಗ ದೇವಸಮುದ್ರದ ಕಡೆಯವರೊಬ್ಬರು ಮಗಳ ಮದುವೆಗೆ ಸೀರೆ ಕೇಳಿಕೊಂಡು ಬಂದರು. "ಯಾರೋ ಜಿಂಕೆ ನೇಯ್ತಾರಂತಲ್ಲ, ಯಾವ ಮನೆರೀ?" ಎಂದರು.

"ಗೊತ್ತಿಲ್ಲ" ಎಂದ ಓಬಯ್ಯ.

ಅವರು ಹೋದ ಮೇಲೆ ನಾನು ತಲೆಯೆತ್ತಿದೆ. "ಯಾಕೋ ಓಬಯ್ಯ, ಚಿತ್ತಯ್ಯ ಸತ್ತು ಹೋದ್ನಾ?"

"ಅವರ ಮನೆ ತೋರಿಸಬಾರದಂತೆ ಅಜ್ಜಿ. ಸೊಸೆಯೇ ಬಾಗಿಲಿಗೆ ಬಂದು ಹೇಳಿ ಹೋಗೈತೆ. ತೋರ್ಸಿದ್ರೆ ಅವರಿಗೆ ಲುಕ್ಸಾನಂತೆ. ನಾವ್ಯಾಕೆ ಇನ್ನೊಬ್ಬರಿಗೆ ಲುಕ್ಸಾನು ಮಾಡೋದು?"

ಅವನ ಮುಖದಲ್ಲಿ ನಗೆಯಿತ್ತೋ ಇರಲಿಲ್ಲವೋ ತಿಳಿಯಲಿಲ್ಲ. ಫೋನಿನದು ಬೇರೆ, ಬಾಗಿಲಿನದು ಬೇರೆ ಎಂದು ನಾನು ಹೇಳಿ ನೋಡಿದೆ. "ನೀವು ಓದಿದೋರಂಗೆ ಮಾತಾಡ್ತೀರಿ ಅಜ್ಜಿ" ಎಂದ.

ಜ್ಯೋತಿಗೆ ಇದು ತಿಳಿಯಲು ತಡವಾಗಲಿಲ್ಲ. ಬೀದಿಯಲ್ಲಿ ಕಾರು ನಿಂತರೆ ಬಾಗಿಲಿಗೆ ಬರುವಳು. ಬಂದವರು ಒಂದು ಮನೆ, ಇನ್ನೊಂದು ಮನೆ ಹತ್ತಿ ಇಳಿದು ಅವಳ ಮುಂದೆಯೇ ಹಾದು ಹೋಗುವರು. ಕೂಗಿ ಕರೆಯುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ಗಿರಾಕಿಯನ್ನು ಕೂಗಿ ಕರೆಯುವುದಿಲ್ಲ, ಯಾರಾದರೂ ಕಳಿಸಬೇಕು. ಅತ್ತ ಸರ್ಚಿನಲ್ಲಿ ಮೂಲೆ, ಇತ್ತ ಬೀದಿಯಲ್ಲಿ ಮೌನ. ಮನೆಯೊಳಗೆ ರವಿತೇಜ "ನಾನು ಹೇಳಿದ್ದೆ" ಎನ್ನುತ್ತಿರಲಿಲ್ಲ. ಅನ್ನದೇ ಇರುವುದೇ ಅವಳಿಗೆ ಹೆಚ್ಚು ಚುಚ್ಚುತ್ತಿತ್ತು.

"ತಪ್ಪು ದಾರೀಲಿ ಹೋದಾಗ ಬೀದಿ ಜೊತೆಗಿತ್ತು ಅಜ್ಜಿ. ಸರಿ ಮಾಡೋಕೆ ಹೋದೆ, ಒಬ್ಬಳೇ ಆದೆ" ಎಂದಳು ಒಂದು ಮಧ್ಯಾಹ್ನ. ಕಾಫಿ ಲೋಟ ನನ್ನ ಮುಂದಿಟ್ಟು, ಕುಡಿದು ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.

ರವಿತೇಜನ ಮಗ್ಗಕ್ಕೆ ಸಾಹುಕಾರರ ಹಾಸು ಬಂತು. ಅದನ್ನು ಕೆಚ್ಚಿದವಳೂ ನಾನೇ. ಎಲ್ಲ ರೇಷ್ಮೆಯೂ ಬೆರಳಿಗೆ ಒಂದೇ. ಆದರೆ ಜ್ಯೋತಿ ಆ ದಿನ ಆ ಕೋಣೆಗೆ ಕಾಲಿಡಲಿಲ್ಲ. ಚಿತ್ತಯ್ಯನ ಮಗ್ಗದಲ್ಲಿ ಸ್ವಂತ ಹಾಸಿನ ಕೊನೆಯ ಸೀರೆ ಉಳಿದಿತ್ತು. ಅದು ಇಳಿದರೆ ಆ ಮಗ್ಗಕ್ಕೂ ತಮ್ಮ ಹಾಸೇ ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ಚಿತ್ತಯ್ಯ ನೇಯುವುದನ್ನು ನಿಧಾನ ಮಾಡಿದ್ದ. ಒಂದು ಜಿಂಕೆ ಮುಗಿಸಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಮನೆಯವರೆಲ್ಲರಿಗೂ ಅದು ಗೊತ್ತಿತ್ತು.

ಹೀಗಿರುವಾಗ ನಾನು ನಾಗರತ್ನಳ ಮನೆಯಲ್ಲಿ ಕೂತಿದ್ದ ಒಂದು ದಿನ ಕಾರಿನಿಂದ ಒಬ್ಬ ಹೆಣ್ಣುಮಗಳು ಇಳಿದು ಬಂದಳು. ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನ ಆಚೆ ವಿಜ್ಞಾನಿಗಳ ದೊಡ್ಡ ಕ್ಯಾಂಪಸ್ ಇದೆಯಲ್ಲ, ಅಲ್ಲಿ ಕೆಲಸವಂತೆ. ಚೀಲದಿಂದ ಒಂದು ಸೀರೆ ತೆಗೆದಳು. ಹಸಿರು ಒಡಲು, ಜಿಂಕೆ.

"ಇದು ನನ್ನ ಗೆಳತಿಯ ಸೀರೆ. ನಮಗೂ ಇಂಥದ್ದೇ ಬೇಕು. ಅಡ್ರೆಸ್ ಇದರಲ್ಲೇ ನೇಯ್ದಿದಾರೆ, ಆ ವೆಬ್‌ಸೈಟ್ ನೋಡಿಕೊಂಡು ಬಂದೆ. ಬೀದಿ ಸಿಕ್ಕಿತು, ಮನೆ ಸಿಗಲಿಲ್ಲ. ಯಾವ ಮನೆ ಹೇಳ್ತೀರಾ?"

ನಾಗರತ್ನ ಸೀರೆಯ ಒಳತುದಿಯನ್ನು ಕೈಗೆ ತೆಗೆದುಕೊಂಡಳು. ಜರಿಯ ಅಕ್ಷರದ ಮೇಲೆ ಬೆರಳಾಡಿಸಿದಳು. ಅವಳಿಗೂ ಇಂಗ್ಲಿಷ್ ಬಾರದು, ಆದರೆ ಅದೇನೆಂದು ಗೊತ್ತಿತ್ತು. ನನ್ನ ಬಾಯಿಗೆ ಬಂದಿತ್ತು ಹೆಸರು. ನಾನು ಹೇಳಲಿಲ್ಲ. ಅವಳ ಬಾಗಿಲು, ಅವಳನ್ನು ಕೇಳಿದ್ದು.

"ಗೊತ್ತಿಲ್ವೇನೋ" ಎಂದು ಆ ಹೆಣ್ಣುಮಗಳು ಸೀರೆಗೆ ಕೈ ಚಾಚಿದಳು.

ನಾಗರತ್ನ ಸೀರೆ ಬಿಡಲಿಲ್ಲ. ಮಡಿಕೆ ಕೆಡದಂತೆ ಮಡಚಿ ತೋಳ ಮೇಲೆ ಹಾಕಿಕೊಂಡಳು. ಎದ್ದು ಚಪ್ಪಲಿ ಮೆಟ್ಟಿದಳು. "ಬರ್ರಿ" ಎಂದಳು. ಬೀದಿ ದಾಟಿ ಚಿತ್ತಯ್ಯನ ಮನೆಯ ಮೆಟ್ಟಿಲ ಮುಂದೆ ನಿಂತಳು. ಹೆಸರು ಹಿಡಿದು ಕೂಗಲಿಲ್ಲ. ಒಮ್ಮೆ ಕೆಮ್ಮಿದಳು.

ಜ್ಯೋತಿ ಹೊರಗೆ ಬಂದಳು. "ಅಕ್ಕಾ" ಎಂದಳು.

"ಇವರು ಕೇಳ್ತಿದ್ರು" ಎಂದು ನಾಗರತ್ನ ಸೀರೆಯನ್ನು ಬಂದವಳ ಕೈಗಿಟ್ಟು ತಿರುಗಿದಳು. ಬಂದು ರಾಟೆಯ ಮುಂದೆ ಕೂತು, ಕಡಿಯದೇ ಇದ್ದ ಎಳೆಯಲ್ಲಿ ಕಡಿದ ತುದಿ ಹುಡುಕತೊಡಗಿದಳು.

ಆ ಹೆಣ್ಣುಮಗಳು ತನಗೂ ಕ್ಯಾಂಪಸ್ಸಿನ ಗೆಳತಿಯರಿಗೂ ಸೀರೆ ಹೇಳಿ ಹೋದಳು. ಒಂದು ಹಾಸಿನಷ್ಟು ಸೀರೆ, ಅಷ್ಟೇ. ರವಿತೇಜನ ಮಗ್ಗದ ಮೇಲೆ ಈಗಲೂ ಸಾಹುಕಾರರ ಹಾಸೇ ಇದೆ. ಚಿತ್ತಯ್ಯನ ಮಗ್ಗಕ್ಕೆ ಇನ್ನೊಂದು ಸಲ ಸ್ವಂತ ಹಾಸು ಬಂತು. ಅದು ಮುಗಿದ ಮೇಲೆ ಏನೆಂದು ಅವರಿಗೂ ಗೊತ್ತಿಲ್ಲ.

ಅದನ್ನು ಕೆಚ್ಚಲು ಹೋದಾಗ ಜ್ಯೋತಿ ಬೂದಿಯ ಬಟ್ಟಲು ತಂದಿಟ್ಟು ನನ್ನ ಪಕ್ಕ ಕೂತಳು. ನಾನು ಕೂಡಿಸುತ್ತಿದ್ದ ಎಳೆಗಳನ್ನೇ ನೋಡುತ್ತಿದ್ದಳು.

"ಅವತ್ತು ಅಕ್ಕ ನಮ್ಮ ಮನೆ ಹೆಸ್ರು ಹೇಳಿದ್ರಾ ಅಜ್ಜಿ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಕಣೇ" ಎಂದೆ. "ಎದ್ದು ಬಂದ್ಳು."

ಅವಳು ಬಾಗಿಲಿನಿಂದಾಚೆ ನೋಡಿದಳು. ಎದುರು ಮನೆಯಲ್ಲಿ ರಾಟೆ ತಿರುಗುತ್ತಿತ್ತು. ಕೂತವಳ ಬೆನ್ನು ಮಾತ್ರ ಕಾಣುತ್ತಿತ್ತು. ಜ್ಯೋತಿ ಬೆರಳನ್ನು ಬೂದಿಗೆ ಅದ್ದಿ, "ನಂಗೂ ಒಂದು ಕಡೆ ಎಳೆ ಕೊಡ್ರಿ, ಕೆಚ್ಚೋದು ಕಲೀತೀನಿ" ಎಂದಳು. ನಾನು ಸರಿದು ಜಾಗ ಕೊಟ್ಟೆ.